ತಾರೀಖು ನೋಡಿ ಕೊಡು

ಯಾದಗಿರಿ ಸ್ಟೇಷನ್ ರಸ್ತಾದಾಗ ಇಲಿಯಾಸನ ಅಂಗಡಿ.
ಗಾಜಿನ ಪೆಟ್ಟಿಗ್ಯಾಗ ವಾಚು, ರಿಮೋಟು, ಕಿವಿಮಷೀನು.
"ಯಾವ ಸೆಲ್ಲು ಕೊಡ್ಲಿ ಹೇಳು" ಅಂತಾನ,
"ಚಾರ್ಜ್ ಆಗೋದಾ, ಬಿಸಾಕೋದಾ?"

ಕೇಳೋದು ಸಸಾರ.
ಅವ ರಾತ್ರಿ ಎಂಟಕ್ಕ ಶಟರ್ ಎಳೀತಾನ.
ನಾ ಹತ್ತಕ್ಕ ಶುರು ಮಾಡ್ತೀನಿ,
ಒಂದು ಕೈಯಾಗ ಸುತ್ತಗಿ, ಒಂದರಾಗ ಬೆಳಕು,
ಥಂಡಿಗೆ ಹಳಿ ಮುದುಡಿ ಎಲ್ಲಿ ಸೀಳ್ಯದ ನೋಡಕೋತ.
ಕೂದಲೆಳಿಯಷ್ಟು ಸೀಳು.
ಅದನ್ನ ಕಾಣಲಿಕ್ಕ ಹುಣ್ಣಿಮಿ ಸಾಲಂಗಿಲ್ಲ.

ಇಲಾಖಾದವರು ಕೊಟ್ಟಿದ್ದು ಚಾರ್ಜಿನ ಬ್ಯಾಟರಿ.
ಗುಂಡಿ ಒತ್ತಿದ್ರ
ಭೀಮಾ ಸೇತುವಿ ಆಚಿಗಿನ ಕಂಬದ ನಂಬರು ಓದಬಹುದು,
ಜಾಲ್ಯಾಗ ಮಲಗಿದ ನರಿ ಎದ್ದು ಕೂಡ್ತದ.
ಐದು ತಾಸು ಹಂಗೇ ಸುರೀತದ, ಒಂಚೂರೂ ಕಮ್ಮಿ ಇಲ್ಲ.
ಆಮ್ಯಾಲ
ಒಂದು ಮಾತೂ ಹೇಳದ ಹೋಗಿಬಿಡ್ತದ.

ಎಳ್ಳಮಾಸಿ ರಾತ್ರಿ ಹೋಯ್ತು, ನಡು ಸೇತುವಿ ಮ್ಯಾಲ.
ಹಗಲೆಲ್ಲ ಕರೆಂಟ್ ಇದ್ದಿಲ್ಲ.
ಬಂದಾಗ ಒಂದೇ ಪ್ಲಗ್ಗಿಗೆ ಮಗಳ ಫೋನು, ನನ್ನ ಬ್ಯಾಟರಿ
ಜಗಳಾಡಿ, ಫೋನೇ ಗೆದ್ದಿತ್ತು.
ಕಾಲ ಕೆಳಗ ನೀರದನೋ ಉಸುಕದನೋ ತಿಳೀಲಿಲ್ಲ.
ಬಗ್ಗಿ ಹಳಿಗೆ ಅಂಗೈ ಇಟ್ಟೆ.
ನಡುಕ ಇದ್ದಿಲ್ಲ. ಗಾಡಿ ಇನ್ನಾ ದೂರ.
ತಲಿ ಎತ್ತಿದ್ರ
ಆಚಿ ದಂಡ್ಯಾಗ ಒಂದು ಹಳದಿ ಚುಕ್ಕಿ ಅಲ್ಲಾಡದ ನಿಂತಿತ್ತು.
ಅದರ ಕಡಿ ನಡದೆ, ಹಳಿ ಸವರಕೋತ.

ನಮ್ಮಪ್ಪನ ಬ್ಯಾಟರಿಗೆ ಮೂರು ಸೆಲ್ಲು,
ಸ್ಟೀಲಿನ ಮೈ, ಅಲ್ಲಲ್ಲಿ ನೆಗ್ಗಿದ್ದು.
ತೀರೋ ಮುಂದ ಹಳದಿ ಆಗ್ತಿತ್ತು, ಆಮ್ಯಾಲ ಕೆಂಡದ್ಹಂಗ,
ಸಾಕಿನ್ನ, ಮನೀ ಕಡಿ ತಿರುಗು ಅಂದಂಗ.
ಅಪ್ಪ ಸೆಲ್ಲು ತಗದು ಬಗಲಾಗ ಹಿಡಿದು ಕಾಸ್ತಿದ್ದ.
ತಿರುಗಿ ಹಾಕಿದ್ರ ಇನ್ನೊಂದು ಫರ್ಲಾಂಗು ದಾರಿ.
ಮುಂಜಾನಿ ತಗಡಿನ ಮ್ಯಾಲ ಸಾಲಾಗಿ ಬಿಸಲಿಗಿಡ್ತಿದ್ದ,
ಅವ್ವನ ಹಪ್ಪಳದ ಬಾಜೂಕ.
ಕಾಗಿ ಯಾವುದನ್ನೂ ಒಯ್ಯಲಿಲ್ಲ.
ಪೂರಾ ಸತ್ತಿದ್ದು ನಮ್ಮ ಪಾಲು:
ಕಲ್ಲಿಲೆ ಜಜ್ಜಿ, ನಡುವಿನ ಕರಿ ಕಡ್ಡಿ ತಗದು
ಶಹಾಬಾದಿ ಪರಸಿ ಮ್ಯಾಲ ಗೀಚಿದೆವು.
ನನ್ನ ಹೆಸರು ನಾ ಮೊದಲ ಬರದಿದ್ದು
ಸತ್ತ ಸೆಲ್ಲಿನಿಂದ.

ಹಂಗಂತ ಹಳೇದೇ ಚಲೋ ಅನಬ್ಯಾಡ್ರಿ.
ಈಗಿನ ಬೆಳಕಿನ ಹಸಿವಿ ದೊಡ್ಡದು.
ಆ ಸೆಲ್ಲು ಹಾಕಿದ್ರ ಹತ್ತು ನಿಮಿಷದಾಗ ಮೈ ಕಾದು
ಏದುಸಿರು ಬಿಡ್ತಾವ.
ಮರ್ತು ಒಳಗೇ ಬಿಟ್ರ ಉಪ್ಪಿನಂಗ ಒಡದು
ಸ್ಪ್ರಿಂಗು ತಿಂತಾವ.
ತಿಪ್ಪಿಗೆ ಒಗದ್ರ, ಆ ತಿಪ್ಪಿನೇ ತೊಗರಿ ಹೊಲಕ್ಕ ಹೋಗ್ತದ.
ಅಪ್ಪ ಒಗದದ್ದರ ಲೆಕ್ಕ
ಯಾವ ಮಣ್ಣಾಗ ಅದನೋ.

ಹುಸೇನಪ್ಪ ಆಚಿ ಸೆಕ್ಷನ್ನಿನವ.
ಸೇತುವಿ ದಂಡ್ಯಾಗ ಕೂಡಿ ಪುಸ್ತಕ ಬದಲಿಸ್ತೀವಿ, ಸಹಿ ಹಾಕ್ತೀವಿ,
ಒಂದು ಬೀಡಿ, ಎರಡು ಮಾತು.
ಇಲಾಖಾದ ಬೆಳಕು ಚೀಲದಾಗ ಇಟ್ಕೊಂಡು
ತನ್ನ ಮೂರು ಸೆಲ್ಲಿಂದೇ ಹಿಡಕೊಂಡು ಬರ್ತಾನ ಮುದುಕ.
ಬೈದ್ರ ನಗ್ತಾನ.
ಬಿಳಿ ಬೆಳಕು ಯಾರದಾದ್ರೂ ಒಂದೇ ಥರ.
ಹಳದಿ ಬಂತಂದ್ರ ಹುಸೇನಪ್ಪ.
ಅದರ ಓಲಾಟ ನೋಡಿದ್ರ ದೂರದಿಂದಲೇ ತಿಳೀತದ,
ಇವತ್ತ ಎಡ ಮೊಣಕಾಲು ಎಳೀಲಾಕತ್ತಾನ,
ನಡುನಡುವ ನಿಂತು ಕೆಮ್ಮಲಾಕತ್ತಾನ.
ಈ ವಾರ ಆ ಹಳದಿ ಕೆಂಪಿಗೆ ತಿರಗ್ಯದ.

"ಹೇಳಪಾ, ಗಿರಾಕಿ ನಿಂತಾವ" ಅಂದ ಇಲಿಯಾಸ.
"ಬಿಸಾಕೋದು. ಮೂರು. ದೊಡ್ಡವು."
"ನಿಂದು ಚಾರ್ಜಿಂದಲ್ಲೇನು?"
"ನನಗಲ್ಲ" ಅಂದೆ.
ಪೂರಾ ಖರೇ ಅಲ್ಲ ಅದು.
"ತಾರೀಖು ನೋಡಿ ಕೊಡು."

ಕನ್ನಡಕ ಹಣಿಗೆ ಏರಿಸಿ
ಒಂದೊಂದನ್ನೇ ಹೊರಳಿಸಿ ನೋಡಿ ಕೊಟ್ಟ.
ಕಿಸೆದಾಗ ಹಾಕ್ಕೊಂಡೆ.
ಹೆಜ್ಜಿಗೊಮ್ಮೆ ತೊಡಿಗೆ ಬಡೀತಾವ.