ಹದಿನೇಳನೆಯ ನಿಲುವು

ಮಗ್ಗ ನಿಲ್ಲಿಸಬೇಕು ಅಂದಾಗ
ರಾಮಲಿಂಗಮ್ಮ ನಕ್ಕರು. "ಎಷ್ಟೊತ್ತು?"
ಒಂದೊಂದು ನಿಲುವಿಗೆ ಆರು ನಿಮಿಷ.
ನೆಲ ಅದುರಿದರೆ ಗೋಡೆ ಎರಡಾಗಿ ಬರುತ್ತದಮ್ಮ.
"ಎರಡಾಗಿಯೇ ಇದೆಯಲ್ಲ" ಅಂದರು.
ಆಮೇಲೆ ಏನೂ ಅನ್ನದೆ ಸ್ವಿಚ್ಚು ಆರಿಸಿದರು.

ಕಬ್ಬನ್‌ಪೇಟೆಯಲ್ಲಿ ಒಂದು ಮಗ್ಗ ನಿಂತರೆ
ಕೇಳುವುದು ಮೌನವಲ್ಲ,
ಪಕ್ಕದ ಮನೆಯ ಮಗ್ಗ.
ಜಬೀವುಲ್ಲ ಅಲ್ಲಿಗೂ ಓಡಿದ, ಅದರಾಚೆಗೂ.
ಐದು ಮನೆ ಬೇಡಿದ ಮೇಲೆ
ಓಣಿ ಉಸಿರು ಹಿಡಿಯಿತು.

ಮೂರು ಕಾಲಿನ ಮೇಲೆ ಯಂತ್ರ ಕತ್ತು ತಿರುಗಿಸಿತು
ಜಪ್ತಿಗೆ ಬಂದ ಅಮೀನನ ಹಾಗೆ, ಒಂದನ್ನೂ ಬಿಡದೆ:
ಕಂಬ, ಬೋದಿಗೆ, ಮದ್ರಾಸ್ ತಾರಸಿಯ ಇಟ್ಟಿಗೆಸಾಲು,
ಸುಣ್ಣ ಸೋರಿದ ಬಿಳಿ ಗೆರೆ,
ಜಂತಿಗೆ ಸಿಕ್ಕಿಸಿಟ್ಟ ಯಾವುದೋ ವರ್ಷದ ಪಂಚಾಂಗ,
ಬಾಗಿಲವಾಡದ ಮೇಲೆ ಮರದ ಗಿಳಿ
(ಕೊಕ್ಕು ಹೋಗಿದೆ).
ಸೆಕೆಂಡಿಗೆ ಹತ್ತು ಲಕ್ಷ ಚುಕ್ಕೆ.
ನಮ್ಮಜ್ಜಿ ಇಡುತ್ತಿದ್ದದ್ದು ಹದಿನೈದು, ನೇರ ಹದಿನೈದು,
ಅದನ್ನು ಸುತ್ತಲು ಅವಳಿಗೆ ಎಳೆ ಗೊತ್ತಿತ್ತು.
ನನಗೆ ಬರೀ ಚುಕ್ಕೆ.

ನಡೆದು ಹೋಗುವವರು ಇದರಲ್ಲಿ ಉಳಿಯುವುದಿಲ್ಲ.
ಕಾಫಿ ತಂದ ಹುಡುಗ ಒಂದು ಗೀರು.
ಬೆಕ್ಕು, ಅರ್ಧ.

ರಾತ್ರಿ ಕೂತು ಮೂವತ್ತೊಂದು ನಿಲುವುಗಳನ್ನು ಹೊಲಿದೆ.
ಅಂಚಿಗೆ ಅಂಚು ಕೂತಿತು, ಎರಡು ಮಿಲಿಮೀಟರ್ ತಪ್ಪಿನೊಳಗೆ.
ಹದಿನೇಳನೆಯದು ಮಾತ್ರ
ಉತ್ತರದ ಗೋಡೆ ದಾಟಿ ಹೋಗಿತ್ತು.

ಅಲ್ಲಿ ಒಂದು ಕೋಣೆ.
ಪೂರ್ತಿಯಲ್ಲ, ಬೀಸಣಿಗೆ ಬಿಚ್ಚಿದಷ್ಟು:
ಎರಡು ಕಂಬ, ಒಂದು ಮಗ್ಗದ ಮೂಲೆ,
ಬಾಗಿಲ ಮೇಲೆ ಈ ಕಡೆಗೆ ಮುಖ ಮಾಡಿದ ಗಿಳಿ.
ನಾವು ಆ ಕಡೆ ಕಾಲಿಟ್ಟೇ ಇಲ್ಲ.
ಅದು ಈಗ ಮೊಬೈಲ್ ಕವರಿನವರ ಗೋಡೌನು, ಬೀಗ ಅವರದು.

ಕನ್ನಡಿ!
ಬೀರುವಿನ ನಿಲುಗನ್ನಡಿ. ಬೆಳಕಿಗೆ ತಿಳಿಯುವುದಿಲ್ಲ
ತಾನು ಎಲ್ಲಿ ತಿರುಗಿದೆನೆಂದು.
ಹೋದಷ್ಟು ದೂರವೂ ನೇರ ಹೋದೆನೆಂದೇ
ನಿಯತ್ತಿನಿಂದ ಲೆಕ್ಕ ಒಪ್ಪಿಸುತ್ತದೆ.
ಬಟ್ಟೆ ಮುಚ್ಚು ಅಂದಿರಲಿಲ್ಲವೇ, ಎಂದು
ಹನ್ನೊಂದು ಗಂಟೆಗೆ ಜಬಿಯನ್ನು ಎಬ್ಬಿಸಿ ಬೈದೆ.

"ನಾನೇ ತೆಗೆದಿದ್ದು" ಅಂದರು ಮರುದಿನ ರಾಮಲಿಂಗಮ್ಮ,
"ಒಗೆದ ಹೊದಿಕೆ, ನೆಲ ತಾಕ್ತಿತ್ತು."

ಮಗ್ಗದ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ.
ಸೂರು ಕಳಚಿದೆ, ಕೂಡಿಸಿದೆ,
ಮನೆಯನ್ನು ಬುಗುರಿಯಂತೆ ತಿರುಗಿಸಿದೆ.
ಅವರು ಹೊಗಳಲಿಲ್ಲ.
ಬೆರಳನ್ನು ಸೆರಗಿಗೆ ಒರೆಸಿಕೊಂಡು ತಾವೇ ತಿರುಗಿಸಿದರು
ಮೆಲ್ಲಗೆ, ಉತ್ತರಕ್ಕೆ,
ನಿಂತರು.
"ಇದು ಸುಬ್ಬಿ ಕೋಣೆ."

ಅದು ತಪ್ಪಮ್ಮ, ಅಳಿಸಬೇಕಾದದ್ದು. ಕನ್ನಡಿಯ ಆಟ.

"ಪಾಲಾಗೋ ಮುಂಚೆ ಈ ಗೋಡೆ ಇರಲಿಲ್ಲ.
ಈ ಕಡೆ ನಾನು, ಆ ಕಡೆ ನನ್ನ ವಾರಗಿತ್ತಿ,
ಒಂದೇ ಅಳತೆ, ಎದುರುಬದುರು.
ನನ್ನ ಲಾಳಿ ಹೋದರೆ ಅವಳದ್ದು ಬರೋದು.
ಬಾಯಿ ಬಿಟ್ಟು ಮಾತಾಡಿದ್ದು ಕಡಿಮೆ."
ಪರದೆಗೆ ಇನ್ನೂ ಹತ್ತಿರ ಬಗ್ಗಿ ನೋಡಿದರು,
ಹುಣಸೆ ಬಿಡಿಸುವಾಗ ಬೀಜ ಹುಡುಕುವ ಕಣ್ಣು.
"ಒಂದೇ ತಪ್ಪು.
ಅವಳ ಗಿಳಿಗೆ ಕೊಕ್ಕಿತ್ತು.
ಅಷ್ಟು ಹಾಕಿಕೊಡ್ತೀಯಾ?"

ಅಳೆಯದ್ದನ್ನು ಸೇರಿಸುವ ಹಾಗಿಲ್ಲ ನಾವು.
ಅಳೆದದ್ದರಲ್ಲೂ ಹುಸಿಯಾದದ್ದನ್ನು ಇಡುವ ಹಾಗಿಲ್ಲ.
ಹಾಗಂತ ಹೇಳಿದೆ, ಅಥವಾ ಹೇಳಬೇಕೆಂದು
ಬಾಯಿ ತೆರೆದೆ.
ಇಲಾಖೆಗೆ ಹೋದ ಮನೆಗೆ ಉತ್ತರದಲ್ಲಿ ಗೋಡೆ ಇದೆ,
ದಪ್ಪ ಒಂಬತ್ತು ಇಂಚು. ಆಚೆಗೆ ಕಪ್ಪು.
ನನ್ನ ಡಿಸ್ಕಿನಲ್ಲಿ ಬೇರೆಯಾಗಿ ಇನ್ನೊಂದಿದೆ,
ನಲವತ್ತು ಲಕ್ಷ ಚುಕ್ಕೆ. ಹೆಸರು, ಸುಬ್ಬಿ.
ಏಕೆ ಇಟ್ಟೆನೋ.

"ಆಯ್ತು ಬಿಡು, ಮೂರು ಸೀರೆ ಬಾಕಿ ಇವೆ"
ಎಂದು ಸ್ವಿಚ್ಚು ಹಾಕಿದರು.
ಹಲಗೆ ನಡುಗಿತು, ಲೋಟದಲ್ಲಿ ಕಾಫಿ ನಡುಗಿತು,
ಓಣಿಯುದ್ದಕ್ಕೂ ಒಂದಾದ ಮೇಲೊಂದು
ಮಗ್ಗಗಳು ಮಾತಿಗೆ ಬಂದವು.
ಪರದೆಯೊಳಗಿನ ಮನೆ ಮಾತ್ರ
ಅಲುಗಲಿಲ್ಲ.