ಆಲ್-ಪಾಸ್

ಕುರ್ಲಾ ಕಾರ್‌ಶೆಡ್ಡಿನ ಹಿಂದಿನ ಕ್ವಾರ್ಟರ್ಸಿನಲ್ಲಿ
ಊಟದ ಮೇಜೇ ನನ್ನ ಲ್ಯಾಬು.
ಉಪ್ಪಿನಕಾಯಿ ಬಾಟಲಿ ಆಚೆ ಸರಿಸಿ
ಬ್ರೆಡ್‌ಬೋರ್ಡ್ ಹಾಸಿದ್ದೇನೆ.
ಪಾಲಿಟೆಕ್ನಿಕ್ ಗುಜರಿಗೆ ಹಾಕಿದ್ದ ಆಸಿಲೋಸ್ಕೋಪಿಗೆ
ನೆತ್ತಿಯ ಮೇಲೆ ಎರಡು ತಟ್ಟಿದರೆ
ಹಸಿರು ಗೆರೆ ಸಿಡುಕುತ್ತ ಏಳುತ್ತದೆ.

ರಾತ್ರಿ ಒಂದೂವರೆಗೆ ರೇವಣಸಿದ್ಧ ಬಂದ,
ಕೊನೆಯ ಗಾಡಿಯನ್ನು ಶೆಡ್ಡಿಗೆ ಸೇರಿಸಿ.
ಕೈ ತೊಳೆದರೂ ಹೋಗದ ಹ್ಯಾಂಡಲ್ಲಿನ ಲೋಹದ ವಾಸನೆ.
"ಇದು ಏನ್ ಸೋಸತದ?" ಅಂದ, ಮುಚ್ಚಿಟ್ಟ ತಟ್ಟೆ ತೆರೆಯುತ್ತ.
ಫಿಲ್ಟರ್ ಅಂದರೆ ಅವನಿಗೆ ಚಹಾದ ಜರಡಿ,
ನಲ್ಲಿಗೆ ಕಟ್ಟಿದ ಬಟ್ಟೆ;
ಏನೋ ಇಳಿಯಬೇಕು, ಏನೋ ಮೇಲೆ ಉಳಿಯಬೇಕು.
"ಏನೂ ಸೋಸೂದಿಲ್ಲ. ಎಲ್ಲಾನೂ ಬಿಡತದ. ಆಲ್-ಪಾಸ್."
"ಎಲ್ಲಾರೂ ಪಾಸಾದ್ರ ಪರೀಕ್ಷಾ ಯಾಕ್ ಬೇಕು?"
ಸೊಲ್ಲಾಪುರದ ನಗೆ ನಕ್ಕು ರೊಟ್ಟಿ ಮುರಿದ.

ಲ್ಯಾಮಿಂಗ್ಟನ್ ರೋಡಿನ ಶಬ್ಬೀರ್‌ಭಾಯಿ
ನೂರು ರೆಸಿಸ್ಟರುಗಳ ಪಟ್ಟಿ ಹರಿದು ಕೊಟ್ಟು
ಎಲ್ಲ ಒಂದೇ ತಾಯಿಯ ಮಕ್ಕಳು ಮೇಡಂ, ಅಂದಿದ್ದ.
ಒಂದೇ ತಾಯಿಯ ಮಕ್ಕಳ ವಿಷಯ
ನನಗೆ ಹೇಳುತ್ತಾನೆ!
ಮಲ್ಟಿಮೀಟರ್ ಹಿಡಿದು ಒಂದೊಂದರ ಜಾತಕ ನೋಡಿದೆ.
ಒಂಬತ್ತು ಸಾವಿರದ ಒಂಬೈನೂರ ಎಂಬತ್ತೇಳು ಓಮು.
ಅದಕ್ಕೆ ಒಪ್ಪುವ ಇನ್ನೊಂದು ಸಿಕ್ಕಿದ್ದು
ಅರವತ್ತಮೂರನೆಯ ಸಲಕ್ಕೆ.
ಈ ಎರಡು ಸಮ ಬರದಿದ್ದರೆ ಸರ್ಕ್ಯೂಟು
ಎಲ್ಲರೂ ಬನ್ನಿ ಅನ್ನುತ್ತಲೇ
ಕೆಲವರಿಗೆ ಅರ್ಧ ಬಾಗಿಲು ತೆರೆಯುತ್ತದೆ.

ಇನ್ನು ಬಯಾಸ್ ಕರೆಂಟು.
ಹತ್ತು ಮೈಕ್ರೋ ಆಂಪಿಯರ್, ಇರುವೆಯ ಬೆವರಿನಷ್ಟು.
ಮೂರು ಸಾವಿರ ಹರ್ಟ್ಜಿನ ದನಿ
ಕಾಲು ಸುತ್ತು ಹಿಂದೆ ಬಿದ್ದು ನಿಂತಿತು.
ಇಪ್ಪತ್ತು ಕೊಟ್ಟೆ. ಆ ಸರದಿ ಆರು ಸಾವಿರದ್ದಾಯಿತು.
ಕೆಪ್ಯಾಸಿಟರ್ ಕೀಳಲಿಲ್ಲ, ಕಾವಿಗೆ ಕೈ ಹಾಕಲಿಲ್ಲ,
ದೂರದ ಗುಬುಟು ತಿರುಗಿಸಿ
ಕರೆಂಟಿನ ಕೈಲಿ ಹೇಳಿ ಕಳಿಸಿದೆ, ಅಷ್ಟೇ.

ಪರದೆಯ ಮೇಲೆ ಓರೆ ಗೆರೆಯೊಂದು
ಹೊಟ್ಟೆ ಬಿಟ್ಟು ಮೊಟ್ಟೆಯಾಗಿ
ಮೊಟ್ಟೆ ದುಂಡಗಾಗಿ
ಮತ್ತೆ ಬಡಕಲಾಗಿ ಆ ಕಡೆಗೆ ಓರೆಯಾಯಿತು.
ಎತ್ತರ ಮೊದಲಿನಷ್ಟೇ.
ಹ್ಞೂಂ ಅಂದದ್ದು ಅದೇ ಗಂಟಲಲ್ಲಿ
ಉಹ್ಞೂಂ ಆಗಿತ್ತು.

"ದಪ್ಪ ದನಿ ತಡಾ ಮಾಡಿ ಬರತದ,
ಸಣ್ಣ ದನಿ ನಿಲ್ಲೂದ ಇಲ್ಲ," ಅಂದೆ.
"ಸ್ಲೋ ಗಾಡಿ, ಫಾಸ್ಟ್ ಗಾಡಿ," ಅವನಿಗೆ ಹೊಳೆಯಿತು.
"ಎಲ್ಲಾರೂ ಕಲ್ಯಾಣ ಮುಟ್ಟತಾರ. ಒಬ್ಬರೂ
ಬೀಳೂದಿಲ್ಲ"

ಅಂದವನು ಅಲ್ಲೇ ನಿಂತ.
ರೊಟ್ಟಿಯ ತುಂಡು ಪಲ್ಯದಲ್ಲಿ ನೆನೆಯುತ್ತಿತ್ತು.
ಇವತ್ತು ಸಾಯನ್ ಹತ್ತಿರ ಏನೋ ಆಗಿದೆ.
ನಾನು ಕೇಳುವುದಿಲ್ಲ.
ಹೋದ ಶ್ರಾವಣದ್ದನ್ನು ಅವನು ಹೇಳಿದ್ದು
ದೀಪಾವಳಿ ಕಳೆದು, ಗ್ಯಾಸ್ ಸಿಲಿಂಡರ್ ಬದಲಿಸುವಾಗ;
ಹಳಿಯ ಮೇಲಿನ ಹುಡುಗನ ಅಂಗಿಯ ಬಣ್ಣ,
ಹಾರನ್ನಿಗೆ ಅವನು ತಿರುಗಿ ನೋಡಿದ್ದು.
ಅಷ್ಟು ತಿಂಗಳು ದಾಟಿ ಬಂದರೂ
ಒಂದು ಗೆರೆ ತಗ್ಗಿರಲಿಲ್ಲ.

ಕೈ ತೊಳೆದು ಬಂದು, ಬಗ್ಗಿ,
"ಇದೇನು ಜೀರುಂಡಿ ಕೂತಂಗ?" ಅನ್ನುತ್ತ
ಚಿಪ್ಪಿನ ಬೆನ್ನಿಗೆ ಹೆಬ್ಬೆರಳು ಒತ್ತಿದ.
ದುಂಡಗಿದ್ದ ವೃತ್ತ
ಸ್ವಲ್ಪ, ತೀರಾ ಸ್ವಲ್ಪ, ವಾಲಿತು.
"ಕೆಟ್ಟಿತೇನ?"
"ಇಲ್ಲ. ನಿನ್ನ ಮೈಕಾವು ತಾಗೇದ."
ಬೆರಳು ತೆಗೆದ. ಇಬ್ಬರೂ ಕಾದೆವು,
ಅದು ಆರಿ ತನ್ನ ದುಂಡಿಗೆ ಮರಳುವ ತನಕ.
ಮರಳಿದ್ದೇ ಮತ್ತೊಮ್ಮೆ ಒತ್ತಿದ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ:
ಕಾವು ಏರಿದಂತೆ ತಾನೂ ಏರುವ
ಬಯಾಸ್ ಕರೆಂಟು ಬೇಕು. ನಾಳೆ.
ಹೊರಗೆ ಶೆಡ್ಡಿನಲ್ಲಿ ಯಾವುದೋ ರೇಕಿಗೆ
ಗಾಳಿ ತುಂಬುವ ಸದ್ದು, ದಪ್ಪಗೆ.
ಮೇಜಿನ ದೀಪ ಆರಿಸಿದೆ,
ಸ್ಕೋಪನ್ನು ಹಾಗೇ ಬಿಟ್ಟೆ.