ಶೀಘ್ರಲಿಪಿ

ವಿಲ್ಮಿಂಗ್ಟನ್, ಹನ್ನೊಂದನೆಯ ಮಹಡಿ. ಕಿಟಕಿಯಾಚೆ
ಕ್ರಿಸ್ಟಿನಾ ನದಿ ತವರದ ಬಣ್ಣಕ್ಕೆ ತಿರುಗಿದೆ.
ನನ್ನ ಕೆಲಸ ಇಷ್ಟೆ: ಆಡಿದ್ದನ್ನು ಬರೆದುಕೊಳ್ಳುವುದು.
ಇಪ್ಪತ್ತೆರಡು ಕೀಲಿ, ನಿಮಿಷಕ್ಕೆ ಇನ್ನೂರ ಇಪ್ಪತ್ತೈದು ಮಾತು.
ಕೆಮ್ಮು ಬರೆಯುವುದಿಲ್ಲ. ಬರೀ ತಲೆಯಾಡಿಸಿದರೆ
ಬಾಯಿಬಿಟ್ಟು ಹೇಳಿ ಎನ್ನುತ್ತೇನೆ.

ಎದುರಿಗೆ ನಿರ್ದೇಶಕ ಗ್ರೇಡನ್ ಓಲ್ಡೇಕರ್,
ಸತ್ಯವನ್ನೇ ಹೇಳುವೆನೆಂದು ಬಲಗೈ ಎತ್ತಿ ಇಳಿಸಿದವರು.
ಮೂಲೆಯಲ್ಲಿ, ಕೋಟು ಬಿಚ್ಚದೆ, ವರ್ನಾ ಕೊವಾಲ್ಚಿಕ್:
ನೀರಿನ ಮೀಟರಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಹಿತ್ತಾಳೆಯ ಹಲ್ಲುಗಾಲಿ ಕೂರಿಸಿದ ಬೆರಳು.
ಸಂಬಳದ ಜೊತೆ ಚೂರುಚೂರಾಗಿ ಬಂದ ಷೇರು, ನೂರ ನಲವತ್ತು.

"ಮಾರ್ಚ್ ಒಂಬತ್ತರಂದು ಇನ್ನೊಬ್ಬ ಖರೀದಿದಾರರು ಫೋನು ಮಾಡಿದ್ದರೆ?"
ನೆನಪಿಲ್ಲ.
"ಹೆಚ್ಚಿನ ಬೆಲೆ ಹೇಳಿದ್ದರೆ?"
ಅದಿನ್ನೂ ಮಾತುಕತೆಯ ಹಂತ.
"ಬೆಲೆ ನ್ಯಾಯವಾಗಿದೆಯೆಂದು ಪತ್ರ ಕೊಟ್ಟ ಬ್ಯಾಂಕು
ಕೊಳ್ಳುವವರಿಂದಲೂ ಹಣ ಪಡೆದಿತ್ತೆ?"
ಇಲ್ಲಿ ಒಂದು ವಿರಾಮ.
ಗೋಡೆ ಗಡಿಯಾರ ಹನ್ನೊಂದು ಸಲ ಟಿಕ್ಕೆಂದಿತು, ಎಣಿಸಿದೆ.
ನನ್ನ ಯಂತ್ರದಲ್ಲಿ ಅದಕ್ಕೆ ಕೀಲಿಯಿಲ್ಲ.
ಪ್ರತಿಯಲ್ಲಿ, ಪ್ರಶ್ನೆಯ ಬೆನ್ನಿಗೇ ಅಂಟಿಕೊಂಡಿದೆ ಉತ್ತರ:
ವಕೀಲರನ್ನು ಕೇಳಬೇಕು.

ಷೇರುದಾರರಿಗೆ ಕಳಿಸಿದ್ದು ಇನ್ನೂರ ಹದಿನಾರು ಪುಟ.
ಎಲ್ಲ ಇತ್ತು ಅದರಲ್ಲಿ,
ನಿರ್ದೇಶಕರ ವಯಸ್ಸು, ಸಭೆ ನಡೆದ ಹೋಟೆಲಿನ ಹೆಸರು.
ವರ್ನಾ ಅಡುಗೆಮನೆಯಲ್ಲಿ ಕೂತು ಮೂರು ರಾತ್ರಿ ಓದಿದರಂತೆ,
ಬೆರಳಿಟ್ಟು, ಸಾಲುಸಾಲು,
ಮೀಟರಿನಲ್ಲಿ ಸೋರಿಕೆ ಹುಡುಕುವ ಹಾಗೆ.
"ಎಲ್ಲೂ ಒಂದು ಹನಿ ಒದ್ದೆಯಿಲ್ಲ," ಅಂದರು ಬಿಡುವಿನಲ್ಲಿ,
ಕಾಫಿ ಯಂತ್ರದ ಹತ್ತಿರ. "ಅದಕ್ಕೇ ಅನುಮಾನ ಬಂತು."
ಇದು ದಾಖಲೆಗೆ ಬಾರದ ಮಾತು.

ಮತದಾನಕ್ಕೆ ಐದು ದಿನ ಮುಂಚೆ ರಾಜಿ.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಕಂಪನಿ ತಪ್ಪು ಒಪ್ಪಲಿಲ್ಲ; ನಾಲ್ಕು ವಾಕ್ಯ ಸೇರಿಸಿತು,
ಪೂರಕ ಪ್ರಕಟಣೆ ಅಂತ, ಒಂದೇ ಹಾಳೆ.
ಜನ ಹೌದೆಂದರು, ನೂರಕ್ಕೆ ತೊಂಬತ್ತೊಂದು.
ವಕೀಲರಿಗೆ ನಾಲ್ಕು ಲಕ್ಷ ಡಾಲರು: ವಾಕ್ಯಕ್ಕೊಂದು ಲಕ್ಷ.
ಷೇರಿಗೆ ಒಂದು ಸೆಂಟೂ ಹೆಚ್ಚಲಿಲ್ಲ.
ನನಗೆ ಪುಟಕ್ಕಿಷ್ಟೆಂದು ಕೂಲಿ. ಸಂದಿತು.

ರಾಜಿಗೆ ನ್ಯಾಯಾಧೀಶರು ಸಹಿ ಹಾಕಿದ ದಿನ, ಹಜಾರದಲ್ಲಿ,
ವರ್ನಾ ಚೀಲದಿಂದ ಆ ಹಾಳೆ ತೆಗೆದರು. ನಾಲ್ಕು ಮಡಿಕೆ.
ಎರಡನೆಯ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ:
ಬ್ಯಾಂಕು ಪಡೆದಿತ್ತು.
"ಹೌದು ಅನ್ನೋದಕ್ಕೆ ಎಷ್ಟು ಹೊತ್ತು ಹಿಡೀತು, ನೋಡಿ."
ಮತ ಯಾವ ಕಡೆ ಹಾಕಿದರೋ, ನಾನು ಕೇಳಲಿಲ್ಲ.
ಅವರೂ ಹೇಳಲಿಲ್ಲ.

ಅವತ್ತು ರಾತ್ರಿ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂತೆ.
ಬೆರಳಿಗೆ ಹಳೆಯ ಚಾಳಿ, ನೀರಿನಡಿಯಲ್ಲೂ
ಏನನ್ನೋ ಒತ್ತುತ್ತಲೇ ಇರುತ್ತವೆ.
ಹನ್ನೊಂದು ಸಲ ಒತ್ತಿದವು,
ಕೀಲಿಯಿಲ್ಲದ ಜಾಗವನ್ನು.